ಮಿತ್ರಿಯ ಹಾಸಿಗೆಯ ಪಕ್ಕದ ಶಾಸನ

ನವೆಂಬರ್ ೧೭

ಮೊನ್ನೆಯ ಪತ್ರಿಕೆಯಲ್ಲಿ ನಮ್ಮ ಮನೆಯ ವಿಷಯವಾಗಿ ಬಂದ ವರದಿಯಲ್ಲಿ ಹಲವು ತಪ್ಪುಗಳಿವೆ. ಸಂಪಾದಕರಿಗೆ ಬರೆದರೆ ತಿದ್ದುಪಡಿಯಲ್ಲಿಯೂ ಹೊಸ ತಪ್ಪನ್ನು ಸೇರಿಸುತ್ತಾರೆಂಬ ಅನುಭವ ನನಗಿರುವುದರಿಂದ, ಸರಿಯಾದುದನ್ನು ಇಲ್ಲಿಯೇ ಬರೆದಿಡುತ್ತೇನೆ.

“ಖಿರ್ಬತ್ ತೀನ್ ಗ್ರಾಮದ ಮೂಗ ವೃದ್ಧನೊಬ್ಬನ ಕತ್ತೆಕೊಟ್ಟಿಗೆಯಲ್ಲಿ ಮೋವಾಬ್ ಅರಸರ ಕಾಲದ ಶಾಸನವನ್ನು ಊರಿನ ಮುಖಂಡ ಫರಜ್ ಅವರು ಪತ್ತೆಹಚ್ಚಿದ್ದಾರೆ” ಎಂದು ವರದಿ ಹೇಳುತ್ತದೆ. ಅದು ಕೊಟ್ಟಿಗೆಯಲ್ಲ; ನಮ್ಮ ಅಜ್ಜ ಕಟ್ಟಿಸಿದ, ಎರಡು ಕಮಾನುಗಳ ಮೇಲೆ ನಿಂತಿರುವ ಪಡಸಾಲೆ. ನನ್ನ ಅಣ್ಣ ಮಿತ್ರಿ ಮೂಗನಲ್ಲ. ಆಲಿವ್ ಕೊಯ್ಲಿನ ಸಮಯದಲ್ಲಿ ಪಾರ್ಶ್ವವಾಯು ಬಡಿದು ಅವನ ಬಲಗೈ, ಬಲಗಾಲು ಮತ್ತು ಮಾತು ಕೆಟ್ಟಿವೆ. ಕೆಟ್ಟ ಮಾತೂ ಮಾತೇ. ಇನ್ನು ಫರಜ್ ಏನನ್ನೂ ಪತ್ತೆಹಚ್ಚಲಿಲ್ಲ. ಅವನು ನಮ್ಮ ದೊಡ್ಡಪ್ಪನ ಮಗ. ಚಹಾ ಕುಡಿಯಲು ಬಂದಿದ್ದ.

ನಡೆದದ್ದು ಹೀಗೆ. ಮಹಡಿಯ ಮೆಟ್ಟಿಲು ಹತ್ತಲಾರದ ಮಿತ್ರಿಯನ್ನು ಕೆಳಗಿನ ಪಡಸಾಲೆಗೆ ತಂದು, ಕಮಾನಿನ ಬುಡಕ್ಕೆ ತಾಗಿಸಿ ಹಾಸಿಗೆ ಹಾಕಿದೆವು. ಹೊರಗೆ ವರ್ಷದ ಮೊದಲ ಮಳೆ, ಒಳಗೆ ಸೀಮೆಎಣ್ಣೆ ಒಲೆಯ ಕಾವು. ಅಪ್ಪನ ಕಾಲದ ಗಾರೆ ಉಬ್ಬಿ, ಒಂದು ಮಧ್ಯಾಹ್ನ ದೊಪ್ಪನೆ ಕಳಚಿಬಿತ್ತು. ಕೆಳಗಿನ ಕರಿಕಲ್ಲನ್ನು ಮೊದಲು ಕಂಡವಳು ಅತ್ತಿಗೆ ತಮಾಮ್.

“ಟೀಚರಮ್ಮಾ, ಬಾ ಇಲ್ಲಿ. ಗೋಡೆ ಮೇಲೆ ಇರುವೆ ಸಾಲು ಹೊರಟದೆ.”

“ಅವು ಇರುವೆಗಳಲ್ಲ. ಅಕ್ಷರಗಳು.”

“ಅಕ್ಷರ ಆದ್ರೆ ಓದು ಮತ್ತೆ, ನೋಡಾಣ.”

ನನಗೆ ಓದಲಾಗಲಿಲ್ಲ. ಮಾದಬಾದ ಹೆಣ್ಣುಮಕ್ಕಳ ಶಾಲೆಯಲ್ಲಿ ನಿವೃತ್ತಿಯವರೆಗೂ ಅಕ್ಷರ ಕಲಿಸಿದವಳು ನಾನು. ಕನ್ನಡಕ ತಂದು ಹಾಕಿಕೊಂಡೆ. ಆಗಲೂ ಓದಲಾಗಲಿಲ್ಲ. ಅತ್ತಿಗೆ ಅಂದಿನಿಂದ ಅದನ್ನು “ಇರುವೆ ಕಲ್ಲು” ಎನ್ನುತ್ತಾಳೆ. ಎರಡು ಸಲ ತಿದ್ದಿದೆ, ಪ್ರಯೋಜನವಾಗಲಿಲ್ಲ.

ನವೆಂಬರ್ ೨೦

ಮಿತ್ರಿಗೆ ಈಗ ಸ್ಪಷ್ಟವಾಗಿ ಬರುವ ಮಾತುಗಳು ಎರಡು. ಒಂದು “ಹೌದು ಹೌದು.” ಇನ್ನೊಂದನ್ನು ಬರೆಯಲು ನನಗೆ ಸಂಕೋಚ, ಆದರೆ ದಾಖಲೆ ದಾಖಲೆಯೇ: “ನಿನ್ನ ಮನೆ ಹಾಳಾಗ.” ಬೈಗುಳ ಮಿದುಳಿನ ಬೇರೆಯೇ ಮೂಲೆಯಲ್ಲಿ ಇರುತ್ತದಂತೆ, ಆದ್ದರಿಂದ ಉಳಿದುಕೊಂಡಿದೆ ಎಂದು ವೈದ್ಯರು ಹೇಳಿದರು. ಉಳಿದದ್ದೆಲ್ಲ ಅರ್ಧಂಬರ್ಧ ಉಚ್ಚಾರಗಳು. ನೀರು ಬೇಕಾದಾಗ “ಬೂ” ಎನ್ನುತ್ತಾನೆ, ದಿಂಬು ಬೇಕಾದಾಗಲೂ “ಬೂ” ಎನ್ನುತ್ತಾನೆ. ಅತ್ತಿಗೆ ತನಗೆಲ್ಲ ಅರ್ಥವಾಗುತ್ತದೆಂದು ಹೇಳಿ, ನೀರು ಕೇಳಿದವನಿಗೆ ದಿಂಬನ್ನು ಕೊಡುತ್ತಾಳೆ.

ಇಂದು ಪಾದ್ರಿ ಅಬೂನಾ ಇಫ್ತೀಮ್ ಬಂದು ಅವನ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಮಿತ್ರಿ ಕಣ್ಣು ತೆರೆದು, ಬಹಳ ವಿನಯದಿಂದ, “ನಿನ್ನ ಮನೆ ಹಾಳಾಗ” ಎಂದ.

“ಆಮೆನ್,” ಎಂದರು ಅಬೂನಾ. “ಚರ್ಚಿನ ಮಾಡು ಹೆಂಗೂ ಸೋರ್ತಾ ಇದೆ ಮಿತ್ರಿ. ಹಾಳಾದ್ರೆ ಹೊಸದು ಕಟ್ಟಿಸ್ಬೋದು.”

ನಾನು ದಿನಕ್ಕೆರಡು ಸಲ ಪಾಠ ಆರಂಭಿಸಿದ್ದೇನೆ. ನೀರು. ರೊಟ್ಟಿ. ಬಾಗಿಲು. ತಪ್ಪಿದರೆ ಮತ್ತೆ ಹೇಳಿಸುತ್ತೇನೆ. “ಬೂ ಅಲ್ಲ ಮಿತ್ರಿ. ನೀ-ರು. ತುಟಿಗಳನ್ನು ಗಮನಿಸು.” ಅವನು ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಮೊಂಡು ವಿದ್ಯಾರ್ಥಿಗಳನ್ನು ನಾನು ಕಾಣದವಳಲ್ಲ.

ನವೆಂಬರ್ ೨೬

ರಾಜಧಾನಿ ಅಮ್ಮಾನಿನ ಪುರಾತತ್ವ ಇಲಾಖೆಯಿಂದ ಅಧಿಕಾರಿ ಬಂದಿದ್ದಳು. ಕೆಸರು ಮೆತ್ತಿದ ಬೂಟು, ತಲೆಗೆ ಬೂದು ವಸ್ತ್ರ. ಹೊಸ್ತಿಲಲ್ಲೇ ನಿಂತು ನನ್ನನ್ನು ನೋಡಿ ಬೂಟನ್ನು ಹಿಂದಕ್ಕೆಳೆದುಕೊಂಡಳು.

“ಮಿಸ್! ಮಿಸ್ ಅಫೀಫಾ! ನಾನು ಇತಾಫ್. ನಿಬಂಧಕ್ಕೆ ಸೊನ್ನೆ ಕೊಟ್ಟು ಬಾಗಿಲ ಹೊರಗೆ ನಿಲ್ಸಿದ್ರಲ್ಲ.”

“ಯಾವ ನಿಬಂಧಕ್ಕೆ?”

“ಎಲ್ಲಾದಕ್ಕೂ, ಮಿಸ್.”

ಇತಾಫ್ ಮೊಣಕಾಲೂರಿ, ಮಿತ್ರಿಯ ಅನುಮತಿ ಕೇಳಿ (“ಹೌದು ಹೌದು”), ಕಲ್ಲಿನ ಮೇಲೆ ಬದಿಯಿಂದ ಬ್ಯಾಟರಿ ಬೆಳಕು ಹಾಯಿಸಿದಳು. ಇರುವೆಗಳು ಎದ್ದು ನಿಂತವು. ಒಡೆದ ಶಿಲಾಫಲಕದ ತುಣುಕು. ಮೂರು ಸಾಲುಗಳು ಉಳಿದಿವೆ, ಮೂರೂ ಅರ್ಧದಲ್ಲಿ ಮುರಿದಿವೆ. ಅವಳು ಬೆರಳು ತಾಗಿಸದೆ, ಗಾಳಿಯಲ್ಲೇ ತೋರಿಸುತ್ತ ಓದಿದಳು. ಮೊದಲ ಪದ “ನಾನು.” ಎರಡನೆಯ ಸಾಲಿನಲ್ಲಿ “ಕಟ್ಟಿದೆನು” ಮತ್ತು “ಕೊಳ.” ಮೂರನೆಯ ಸಾಲಿನಲ್ಲಿ ಒಂದು ಹೆಸರು. ಅದರ ಮೇಲೆ ಅವಳು ಬೆಳಕನ್ನು ಎರಡು ಸಲ ಹಾಯಿಸಿದಳು.

“ಒಮ್ರಿ,” ಎಂದಳು. “ಇಸ್ರೇಲಿನ ಅರಸ, ಮಿಸ್. ನಿಮ್ಮ ಬೈಬಲ್ಲಿನ ಒಮ್ರಿ.”

ಸಂಜೆ ಅಬೂನಾ ಅರಸುಗಳ ಎರಡನೆಯ ಭಾಗವನ್ನು ತೆಗೆದು ನಮಗೆ ಓದಿ ಹೇಳಿದರು: ಈ ಸೀಮೆಯನ್ನಾಳಿದ ಮೋವಾಬಿನ ಅರಸ ಮೇಷನು ಕುರಿಗಳನ್ನೂ ಉಣ್ಣೆಯನ್ನೂ ಇಸ್ರೇಲಿಗೆ ಕಪ್ಪವಾಗಿ ಕೊಡುತ್ತಿದ್ದನು, ಒಮ್ರಿಯ ಮಗ ಅಹಾಬನು ಸತ್ತ ಮೇಲೆ ತಿರುಗಿಬಿದ್ದನು. ಪುಸ್ತಕ ಮುಚ್ಚಿ, “ಕಂದಾಯ ಕಟ್ಟಲ್ಲ ಅನ್ನೋ ಚಾಳಿ ಈ ಊರಿಗೆ ಅಷ್ಟು ಹಳೇದು,” ಎಂದರು.

ಹೆಮ್ಮೆಯೆನಿಸಿತೆಂದು ಒಪ್ಪಿಕೊಳ್ಳುತ್ತೇನೆ. ಸೊಂಟ ನೋಯುತ್ತಿದೆ.

ಡಿಸೆಂಬರ್ ೪

ಸಂತ ಬರ್ಬಾರಾಳ ಹಬ್ಬ. ಅತ್ತಿಗೆ ಗೋಧಿಯನ್ನು ಬೇಯಿಸಿ, ಸೋಂಪು, ಒಣದ್ರಾಕ್ಷಿ ಹಾಕಿ ಪಾಯಸ ಮಾಡಿದಳು. ದಾಳಿಂಬೆ ಬೀಜಗಳನ್ನು ಮೇಲೆ ಚೆಲ್ಲುವ ಬದಲು ಒಳಗೇ ಕಲಸಿಬಿಟ್ಟಿದ್ದಳು. ಅದು ಸರಿಯಾದ ಕ್ರಮವಲ್ಲ.

ಇತಾಫ್ ಕಲ್ಲಿನ ಅಚ್ಚು ತೆಗೆಯಲು ಬಂದಳು. ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ, ಕಲ್ಲಿಗೆ ಹೊದಿಸಿ, ಬಿರುಸಾದ ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರಗಳ ಒಳಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಸುಲಿದರೆ ಶಾಸನದ ಪ್ರತಿ ಕೈಯಲ್ಲಿರುತ್ತದೆ. ಅವಳು ಬಡಿಯುತ್ತಿದ್ದಾಗ ಮಿತ್ರಿ ಎಡಗೈ ಚಾಚಿ “ಬೂ” ಎಂದ. ಅತ್ತಿಗೆ ದಿಂಬು ತಂದಳು, ನಾನು ನೀರು ತಂದೆ. ಇತಾಫ್ ಬ್ರಷ್ಷನ್ನು ಅವನ ಕೈಗಿತ್ತಳು.

ಮಿತ್ರಿ ಬಡಿದ. ಮೊದಲು ಅಡ್ಡಾದಿಡ್ಡಿಯಾಗಿ, ಆಮೇಲೆ ಸಮವಾಗಿ. ಯೌವನದಲ್ಲಿ ಅವನು ಬೇಲಿಗೋಡೆಗಳಿಗೆ ಕಲ್ಲು ಕೂರಿಸುತ್ತಿದ್ದ. ಆ ಲಯ ಎಡಗೈಗೂ ಗೊತ್ತಿತ್ತೆಂದು ತೋರುತ್ತದೆ. ಬೆವರಿದ. ಅತ್ತಿಗೆ ಬಾಗಿಲಿಗೆ ಒರಗಿ ನೋಡುತ್ತಿದ್ದವಳು ಕೂಗಿದಳು:

“ನೋಡಮ್ಮಾ ಇತಾಫ್, ನೀನು ಕೊಟ್ರೆ ಕೆಲಸ ಮಾಡ್ತಾನೆ. ನಾನು ಕೋಳಿಗೂಡಿಗೆ ಮೊಳೆ ಹೊಡಿ ಅಂತ ಮೂರ್ವರ್ಷದಿಂದ ಬಡ್ಕೊಂಡೆ.”

“ನಿನ್ನ ಮನೆ ಹಾಳಾಗ,” ಎಂದ ಮಿತ್ರಿ, ಬಡಿಯುವುದನ್ನು ನಿಲ್ಲಿಸದೆ.

ಪಾಠ ಇಂದು ನಡೆಯಲಿಲ್ಲ. ನಾಳೆ ಎರಡು ಪಾಠ.

ಡಿಸೆಂಬರ್ ೫

ಪಾಠ ನಡೆಯಲಿಲ್ಲ. ಸೊಂಟ.

ಡಿಸೆಂಬರ್ ೧೨

ಫರಜ್ ಪುರಸಭೆಯ ಕಡೆಯಿಂದ ಮಾತು ತಂದಿದ್ದ. ಕಲ್ಲನ್ನು ತೆಗೆದು ಊರಿನಲ್ಲಿಯೇ ಸಣ್ಣ ಸಂಗ್ರಹಾಲಯ ಮಾಡುತ್ತಾರಂತೆ. ಪ್ರವಾಸಿಗರ ಬಸ್ಸುಗಳು ಇತ್ತ ತಿರುಗುತ್ತವಂತೆ. ತೊಡಕು ಒಂದೇ. ಕಲ್ಲು ಕುಳಿತಿರುವುದು ಕಮಾನಿನ ಬುಡದಲ್ಲಿ. ಅದನ್ನು ಎಳೆದರೆ ಕಮಾನು ನಿಲ್ಲುವುದಿಲ್ಲ, ಕಮಾನು ಬಿದ್ದರೆ ಮಾಡು ನಿಲ್ಲುವುದಿಲ್ಲ. ಪಡಸಾಲೆಯನ್ನು ಪೂರ್ತಿ ಬಿಚ್ಚಬೇಕು. ಬದಲಿಗೆ ರಸ್ತೆಯ ಬದಿಯಲ್ಲಿ ಹೊಸ ಕೋಣೆಗಳನ್ನು ಕಟ್ಟಿಸಿಕೊಡುತ್ತಾರೆ: ನುಣುಪಾದ ಹಾಸುಬಿಲ್ಲೆ, ಬಿಸಿನೀರು, ಮತ್ತು ಕೋಣೆಗೆ ಹೊಂದಿಕೊಂಡೇ ಶೌಚಗೃಹ.

ಕೊನೆಯದನ್ನು ಕೇಳಿ ನಾನೂ ಅತ್ತಿಗೆಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಈಗಿನ ಶೌಚಗೃಹ ಅಂಗಳದ ಆಚೆ ಇದೆ. ಮಿತ್ರಿ ತೂಕದ ಮನುಷ್ಯ. ಹಾಸಿಗೆಯ ಬಳಿ ಪಾತ್ರೆ ಇಟ್ಟರೆ ಎಡಗಾಲಿನಿಂದ ಒದೆಯುತ್ತಾನೆ. ದಿನಕ್ಕೆ ನಾಲ್ಕೈದು ಸಲ, ಒಂದು ಭುಜಕ್ಕೆ ಅವಳು, ಇನ್ನೊಂದು ಭುಜಕ್ಕೆ ನಾನು, ಕೆಸರಿನಲ್ಲಿ.

“ಫಲಕದ ಮೇಲೆ ನಮ್ಮ ಮನೆತನದ ಹೆಸರು ಇರುತ್ತದೆಯೇ?” ಎಂದು ಕೇಳಿದೆ.

“ಇರತ್ತಾ ಅಂತ ಕೇಳ್ತೀಯಲ್ಲ ಚಿಕ್ಕಪ್ಪನ ಮಗಳೇ! ಮಿತ್ರಿ ಹೆಸರು, ನಿನ್ನ ಹೆಸರು, ಬೇಕಾದ್ರೆ ಕತ್ತೆ ಹೆಸರೂ ಹಾಕ್ಸೋಣ.”

“ಫಲಕದ ಬರಹವನ್ನು ನಾನೇ ತಿದ್ದಿಕೊಡುತ್ತೇನೆ. ಮತ್ತು ಇಲ್ಲಿ ಕತ್ತೆ ಇರಲಿಲ್ಲ.”

“ಇತ್ತು,” ಎಂದಳು ಅತ್ತಿಗೆ. “ನಾನು ಮದ್ವೆಯಾಗಿ ಬಂದಾಗ ಇದೇ ಕಮಾನಿಗೆ ಕಟ್ಟಿದ್ರು. ನನಗಿಂತ ಅದಕ್ಕೇ ಮರ್ಯಾದೆ ಜಾಸ್ತಿ.”

ಮಿತ್ರಿಯನ್ನು ಕೇಳಿದೆವು. ಕಲ್ಲನ್ನು ಕೊಡೋಣವೇ? “ಹೌದು ಹೌದು.” ಫರಜ್ ಕೈ ಉಜ್ಜಿಕೊಂಡ. ಅವನು ಹೋದ ಮೇಲೆ ಅತ್ತಿಗೆ ಹಾಸಿಗೆಯ ಅಂಚಿನಲ್ಲಿ ಕುಳಿತು, “ಏನಯ್ಯಾ, ಎರಡನೇ ಮದ್ವೆ ಮಾಡ್ಕೋತೀಯಾ?” ಎಂದಳು. “ಹೌದು ಹೌದು.” “ಮೋವಾಬಿನ ರಾಜ ಆಗ್ತೀಯಾ?” “ಹೌದು ಹೌದು.” ಅವಳು ನಕ್ಕಳು. ನನಗೆ ನಗಲು ಏನೂ ಕಾಣಲಿಲ್ಲ, ಒಪ್ಪಿಗೆ ಒಪ್ಪಿಗೆಯೇ.

ಡಿಸೆಂಬರ್ ೧೯

ಇತಾಫಳಿಗೆ ಮೇಲಿನವರ ಒತ್ತಡವಿದೆ. ಫೆಬ್ರವರಿಯೊಳಗೆ ಮನೆಯವರು ಒಪ್ಪದಿದ್ದರೆ ಆದೇಶ ತಂದು ಪೊಲೀಸರೊಂದಿಗೆ ತೆಗೆಯಬೇಕೆಂದು ನಿರ್ದೇಶಕರು ಹೇಳಿದ್ದಾರೆ. ಅವಳಿಗೆ ಅದು ಬೇಡ.

“ಪೊಲೀಸ್ ಕರ್ಕೊಂಡು ಬಂದ್ರೆ ಕಲ್ಲು ಸಿಗತ್ತೆ, ಮಿಸ್. ಆಮೇಲೆ ಈ ಸೀಮೇಲಿ ಒಂದು ಬಾಗಿಲೂ ನನಗೆ ತೆರೆಯಲ್ಲ. ದೀಬಾನಿನ ಕಥೆ ನಿಮಗೇ ಗೊತ್ತಲ್ಲ.”

ದೀಬಾನಿನ ಕಥೆ ಈ ಪ್ರಸ್ಥಭೂಮಿಯಲ್ಲಿ ಯಾರಿಗೆ ಗೊತ್ತಿಲ್ಲ? ಮೇಷನ ದೊಡ್ಡ ಶಾಸನ ಅಲ್ಲಿ ಇಡಿಯಾಗಿ ಸಿಕ್ಕಿತ್ತು. ಪರದೇಶಿಗಳೂ ತುರ್ಕರ ಅಧಿಕಾರಿಗಳೂ ಅದಕ್ಕಾಗಿ ಜಗ್ಗಾಡಿ ಹೆದರಿಸಿದಾಗ, ಅಲ್ಲಿಯ ಜನ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ತಣ್ಣೀರು ಸುರಿದು ಚೂರುಚೂರು ಮಾಡಿದರು. ನಾಶವಾದರೂ ಸರಿ, ಹೆದರಿಸಿದವರಿಗೆ ಮಾತ್ರ ಕೊಡಕೂಡದು. ಇದನ್ನು ನಾನು ಪಾಠದಲ್ಲಿ ಮೂರ್ಖತನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದೆ.

ಆದ್ದರಿಂದ ಇತಾಫ್ ನಮ್ಮ ಪದ್ಧತಿಯಂತೆ ಕೇಳಲು ನಿರ್ಧರಿಸಿದ್ದಾಳೆ. ಊರಿನ ಹಿರಿಯರು ಜಾಹಾ ಎಂಬ ನಿಯೋಗ ಕಟ್ಟಿಕೊಂಡು ಬರುತ್ತಾರೆ, ಹೆಣ್ಣು ಕೇಳಲು ಅಥವಾ ಕೊಲೆಯ ಕ್ಷಮೆ ಕೇಳಲು ಬರುವಂತೆಯೇ. ಕಾಫಿ ಕೊಡುತ್ತೇವೆ. ಮುಂದಾಳು ಕುಡಿಯದೆ ಬಟ್ಟಲನ್ನು ತನ್ನ ಮುಂದಿಟ್ಟು ಬೇಡಿಕೆಯನ್ನು ಹೇಳುತ್ತಾನೆ. ಮನೆಯ ಯಜಮಾನ “ನಿಮ್ಮ ಕಾಫಿ ಕುಡಿಯಿರಿ” ಎಂದರೆ ಕೊಟ್ಟಂತೆ. ಆ ಮಾತು ಯಜಮಾನನ ಬಾಯಿಂದಲೇ ಬರಬೇಕು.

“ಅವನು ಹೇಳದೆ ಹೋದ್ರೆ ಅವನ ಪರವಾಗಿ ನಾನು ಹೇಳ್ತೀನಿ,” ಎಂದ ಫರಜ್.

“ಅಗತ್ಯವಿಲ್ಲ,” ಎಂದೆ. “ಅವನಿಗೆ ನಾನು ಕಲಿಸುತ್ತೇನೆ.”

ಡಿಸೆಂಬರ್ ೨೫

ಕ್ರಿಸ್ಮಸ್. ಕಾರಕ್ ಪಟ್ಟಣದಿಂದ ಮಿತ್ರಿಯ ಹೆಣ್ಣುಮಕ್ಕಳು ಬಂದು ಅತ್ತು, ಉಂಡು ಹೋದರು. ಪಾತ್ರೆಗಳು ಉಳಿದವು.

ಜನವರಿ ೮

ನಿಮ್ಮ. ಕಾಫಿ. ಕುಡಿಯಿರಿ. ಮೂರೇ ಪದಗಳು. ನಾನು ಖಾಲಿ ಬಟ್ಟಲನ್ನು ಮುಂದಿಟ್ಟು ಮುಂದಾಳುವಿನಂತೆ ಕುಳಿತುಕೊಳ್ಳುತ್ತೇನೆ, ಅವನು ಹೇಳಬೇಕು. ಮೊದಲ ದಿನ “ಬೂ.” ಎರಡನೆಯ ದಿನ “ಹೌದು ಹೌದು.” ಇಂದು ಬಟ್ಟಲನ್ನು ಎತ್ತಿ ಬಾಗಿಲಿಗೆ ಎಸೆದ.

“ಸರಿಯಾಗೇ ಎಸ್ದ,” ಎಂದಳು ಅತ್ತಿಗೆ, ಚೂರು ಆಯುತ್ತ. “ಸ್ಕೂಲಿಗೆ ಹೋಗ್ದೇ ಇದ್ದೋನ್ನ ಸಾಯೋ ಕಾಲಕ್ಕೆ ಸೇರಿಸ್ಕೊಂಡಿದೀಯಲ್ಲ ಟೀಚರಮ್ಮ.”

“ಅವನು ಯಜಮಾನನಾಗಿ ಮಾತನಾಡಬೇಕೆಂದು ನಾನು ಇಷ್ಟು ಕಷ್ಟಪಡುತ್ತಿರುವುದು.”

“ಅವನು ಮಾತಾಡ್ಬೇಕು ಅಂತ್ಲೋ, ನೀನು ಹೇಳಿಕೊಟ್ಟಿದ್ದು ಆಡ್ಬೇಕು ಅಂತ್ಲೋ?”

ಮಿತ್ರಿ ಎಂದಿನಂತೆ ಗೋಡೆಯ ಕಡೆ ತಿರುಗಿ, ಎಡ ಅಂಗೈಯನ್ನು ಕಲ್ಲಿನ ಮೇಲಿಟ್ಟು ಮಲಗಿದ. ಒಲೆಯ ಕಾವಿಗೆ ಕಲ್ಲು ಬೆಚ್ಚಗಿರುತ್ತದೆ, ಅದಕ್ಕಾಗಿಯೇ ಇರಬೇಕು.

ಜನವರಿ ೧೫

ಅತ್ತಿಗೆಗೆ ಜ್ವರ. ಮೂರು ದಿನಗಳಿಂದ ಮಿತ್ರಿಯ ಎರಡು ಭುಜಗಳೂ ನನ್ನ ಪಾಲಿಗೆ.

ಇಂದು ಬೆಳಗ್ಗೆ ಆಲಿಕಲ್ಲು ಬೆರೆತ ಮಳೆ. ಅಂಗಳದ ನಡುವೆ ನನ್ನ ಕಾಲು ಜಾರಿತು. ಅವನು ನನ್ನ ಮೇಲೆ ಬಿದ್ದು ಪಕ್ಕಕ್ಕೆ ಉರುಳಿದ. ಕೆಸರಿನಲ್ಲಿ ಇಬ್ಬರೂ ಅಂಗಾತ. ಏಳಲಾಗಲಿಲ್ಲ. ಕೋಳಿಗಳು ಬಂದು ನೋಡಿದವು. ಮಳೆಹನಿ ನೇರ ಬಾಯಿಗೇ ಬೀಳುತ್ತಿತ್ತು. ಎಷ್ಟು ಹೊತ್ತು ಹಾಗೆ ಬಿದ್ದಿದ್ದೆವೋ. ಮಿತ್ರಿ ಆಕಾಶವನ್ನು ನೋಡುತ್ತ, ಸ್ಫುಟವಾಗಿ, “ನಿನ್ನ ಮನೆ ಹಾಳಾಗ” ಎಂದ. ಯಾರಿಗೆ ಹೇಳಿದನೋ, ದೇವರಿಗೋ ನನಗೋ. ನನಗೆ ಬಹಳ ದಣಿವಾಗಿತ್ತು. “ನಿನ್ನದೇ ಹಾಳಾಗ,” ಎಂದೆ.

ಅವನು ನಕ್ಕ. ಬಾಯಿ ಒಂದೇ ಪಕ್ಕಕ್ಕೆ ಎಳೆಯುತ್ತದೆ, ಆದರೆ ನಗು ಹಳೆಯದೇ. ನಾನೂ ನಕ್ಕೆನೆಂದು ತೋರುತ್ತದೆ. ತಮಾಮ್ ಜ್ವರದಲ್ಲೇ ಕಂಬಳಿ ಹೊದ್ದು ಓಡಿಬಂದವಳು, “ಇಬ್ಬರಿಗೂ ಹುಚ್ಚು ಹಿಡೀತಾ? ನನಗೊಬ್ಬಳಿಗೆ ಎಷ್ಟು ಜನ ಹುಚ್ಚರು!” ಎಂದು ಬೈಯುತ್ತ ಎತ್ತಿದಳು.

ಹೊಸ ಕೋಣೆ ಬೇಕು. ಬೇಗ ಬೇಕು. ಇನ್ನೊಂದು ಚಳಿಗಾಲವನ್ನು ಈ ಅಂಗಳದಲ್ಲಿ ಕಳೆಯಲು ನನ್ನಿಂದ ಸಾಧ್ಯವಿಲ್ಲ.

ಜನವರಿ ೧೬

ಮೈಯೆಲ್ಲ ನೋವು. ಬರೆಯಲಾರೆ.

ಜನವರಿ ೨೯

ಇತಾಫ್ ತನ್ನ ಓದಿನ ಕರಡನ್ನು ತಂದಿದ್ದಳು. ಮೂರು ಸಾಲುಗಳಿಗೆ ಇಷ್ಟು ಪುಟಗಳೇ ಎಂದು ತಮಾಮ್ ಬೆರಗಾದಳು. ನಾನು ಕನ್ನಡಕ ಹಾಕಿಕೊಂಡು ಕೂತೆ. ಒಮ್ರಿಯ ಹೆಸರಿನ ಮುಂದೆ ಖಾಲಿ ಜಾಗ ಬಿಟ್ಟಿದ್ದಳು.

“ಇಲ್ಲಿ ‘ಮಗನು’ ಎಂದು ಬರೆ. ‘ಒಮ್ರಿಯ ಮಗನು.’ ಸಂದರ್ಭದಿಂದಲೇ ತಿಳಿಯುತ್ತದೆ.”

“ಮಗನೋ, ಮನೆಯೋ, ದೇಶವೋ ಗೊತ್ತಿಲ್ಲ ಮಿಸ್. ಕಲ್ಲು ಅಲ್ಲಿ ಒಡೆದಿದೆ.”

“ಬಿಟ್ಟಸ್ಥಳವನ್ನು ಹಾಗೆಯೇ ಬಿಟ್ಟವರಿಗೆ ನಾನು ಅಂಕ ಕೊಡುತ್ತಿರಲಿಲ್ಲ.”

“ಗೊತ್ತು ಮಿಸ್. ಅದಕ್ಕೇ ನಾವೆಲ್ಲ ಏನೋ ಒಂದು ಗೀಚಿ ಬರ್ತಿದ್ವಿ.”

ತಮಾಮ್ ಬಾಯಿಗೆ ತಲೆವಸ್ತ್ರದ ಅಂಚನ್ನು ಅಡ್ಡ ಹಿಡಿದು ನಕ್ಕಳು. ನಾನು ಎದ್ದು ಒಲೆಯ ಮೇಲೆ ನೀರಿಟ್ಟೆ. ಆಮೇಲೆ ಇತಾಫಳಿಗೆ ಮರಾಮಿಯಾ ಸೊಪ್ಪು ಹಾಕಿದ ಚಹಾ ಕೊಟ್ಟೆ. ಕರಡಿನಲ್ಲಿ ನಾಲ್ಕು ವಾಕ್ಯದೋಷಗಳಿದ್ದವು. ಎರಡನ್ನು ತೋರಿಸಿದೆ.

ಫೆಬ್ರವರಿ ೩

ಪಾಠ ಮಾಡಿಸಲಿಲ್ಲ. ಕಾರಣವೇನಿಲ್ಲ. ಇರುವೆ ಕಲ್ಲಿನ ಪಕ್ಕ ಕುಳಿತು ಇಬ್ಬರೂ ಕಡಲೆ ಸುಲಿದೆವು. ಅವನು ಒಂದೇ ಕೈಯಲ್ಲಿ, ಬೆರಳಿನ ನಡುವೆ ಒತ್ತಿ ಸುಲಿಯುತ್ತಾನೆ, ನನಗಿಂತ ವೇಗ. “ಬೂ” ಎಂದ. ನೀರು ಕೊಟ್ಟೆ. ನೀರೇ ಬೇಕಾಗಿತ್ತು.

ಫೆಬ್ರವರಿ ೯

ಜಾಹಾ ನಾಡಿದ್ದು ಎಂದು ಗೊತ್ತಾಗಿದೆ. ಫರಜ್ ಬಂದು ಚಾಪೆ, ದಿಂಬು, ಕಾಫಿಪುಡಿ ಎಲ್ಲ ಪರೀಕ್ಷಿಸಿದ. “ಅವನು ‘ಹೌದು ಹೌದು’ ಅಂದ್ರೂ ಸಾಕು, ಜಾಹಾದ ಮುಂದಾಳು ಶೇಖ್ ದಾಹಿರರ ಹತ್ರ ಮಾತಾಡಿದೀನಿ,” ಎಂದ. “ಬೈಗುಳ ಒಂದು ಬರ್ದಂತೆ ನೋಡ್ಕೋ.” ಸುಲಭವಾಯಿತು. ಹೌದು ಎನ್ನದ ದಿನವೇ ಇಲ್ಲವಲ್ಲ.

ತಮಾಮ್ ಹೊಸ ಅಡುಗೆಮನೆಗೆ ಪರದೆಯ ಬಣ್ಣ ಆರಿಸಿಯಾಯಿತು. ಹಳದಿ. ನಾನು ವಿರೋಧಿಸಲಿಲ್ಲ. ಶೌಚಗೃಹದ ಗೋಡೆಗೆ ಹಿಡಿಕೆ ಬೇಕೆಂದು ಮಾತ್ರ ಹೇಳಿದೆ.

ಫೆಬ್ರವರಿ ೧೧

ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಜಾಹಾ ಬಂತು. ಅಂಗಳದಲ್ಲಿ ಕೆಸರು ಒಣಗಿತ್ತು. ಮಿತ್ರಿಗೆ ಕ್ಷೌರ ಮಾಡಿಸಿ, ಬಿಳಿಯ ಅಂಗಿ ತೊಡಿಸಿ, ತಲೆಗೆ ಕೆಂಪು ಚೌಕಳಿಯ ರುಮಾಲು ಕಟ್ಟಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದೆವು. ಗಂಡಸರ ಜಾಹಾದಲ್ಲಿ ಹೆಂಗಸರು ಕುಳಿತುಕೊಳ್ಳುವ ರೂಢಿಯಿಲ್ಲ. ಆದರೆ ಅವನ ಬಾಯಿ ಒರೆಸಲು ಯಾರಾದರೂ ಬೇಕಾಗಿದ್ದುದರಿಂದ ನಾನು ಹಾಸಿಗೆಯ ತಲೆಕಡೆ ನಿಂತೆ. ಇತಾಫ್ ಬೇಡಿಕೆಯ ಕಕ್ಷಿಯವಳಾದ್ದರಿಂದ ಅವಳಿಗೂ ಜಾಗ ಕೊಟ್ಟರು.

ಫರಜ್ ಕಾಫಿ ಹಂಚಿದ. ಶೇಖ್ ದಾಹಿರ್ ಬಟ್ಟಲನ್ನು ಮುಂದಿಟ್ಟು, ಎರಡೂ ಅಂಗೈಗಳನ್ನು ಮಂಡಿಯ ಮೇಲಿರಿಸಿಕೊಂಡರು. ಉಳಿದವರೂ ಹಾಗೆಯೇ ಮಾಡಿದರು.

“ಮಿತ್ರಿ, ನಿಮ್ಮಪ್ಪನ ಕಾಫಿ ನಮ್ಮಪ್ಪ ಕುಡಿದಿದ್ದಾರೆ. ನಮ್ಮ ನಿಮ್ಮ ನಡುವೆ ರಕ್ತ ಇಲ್ಲ, ಮುನಿಸಿಲ್ಲ. ಇವತ್ತು ಕೇಳೋಕೆ ಬಂದಿದೀವಿ. ನಿನ್ನ ಬೆನ್ನ ಹಿಂದಿರೋ ಕಲ್ಲು ಊರಿಗೆ ಬೇಕು. ಅದರ ಜೊತೆ ಈ ಮನೇನೂ ಹೋಗತ್ತೆ ಅಂತ ನಮಗೆ ಗೊತ್ತು, ಅದಕ್ಕೇ ಪೊಲೀಸರನ್ನ ಕರ್ಕೊಂಡು ಬರ್ಲಿಲ್ಲ, ಮರ್ಯಾದೆ ತಗೊಂಡು ಬಂದಿದೀವಿ. ಕಾಫಿ ನಮ್ಮ ಮುಂದಿದೆ, ಮಾತು ನಿನ್ನದು.”

ಮಿತ್ರಿ ಬಟ್ಟಲನ್ನು ನೋಡಿದ. ಅವನ ಎಡಗೈ ಹಾಸಿಗೆಯ ಮೇಲೆ ಹರಿದಾಡಿ ಗೋಡೆಯನ್ನು ಮುಟ್ಟಿತು. ಬಾಯಿ ತೆರೆದ. ಬೈಗುಳವೇ ಬರುತ್ತದೆಂದು ಫರಜ್ ಕಣ್ಣು ಮುಚ್ಚಿಕೊಂಡ.

“ಇಲ್ಲ,” ಎಂದ ಮಿತ್ರಿ.

ಆಲಿವ್ ಕೊಯ್ಲಿನ ನಂತರ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ನಾನದನ್ನು ಕಲಿಸಿರಲಿಲ್ಲ.

ಫರಜ್ ಜೋರಾಗಿ ನಕ್ಕುಬಿಟ್ಟ. “ಹೌದು ಅಂತ ಅವನರ್ಥ. ಕಾಯಿಲೆ ನೋಡಿ, ತಿರುಗಾ ಮುರುಗಾ ಬರತ್ತೆ. ನೀರು ಬೇಕಾದ್ರೆ ದಿಂಬು ಅಂತಾನೆ. ಕುಡೀರಿ ಶೇಖ್, ಕುಡೀರಿ, ಆರೋಗ್ತಿದೆ.”

ಶೇಖ್ ದಾಹಿರ್ ಬಟ್ಟಲನ್ನು ಮುಟ್ಟಲಿಲ್ಲ. ಹೆಂಗಸನ್ನು ನೇರವಾಗಿ ಕೇಳಲಾಗದೆ ಅಬೂನಾ ಇಫ್ತೀಮರ ಕಡೆ ತಿರುಗಿ, “ಏನಂದ, ಅಬೂನಾ?” ಎಂದರು. ಅಬೂನಾ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು.

ನಾನು ಸುಮ್ಮನಿದ್ದರೆ ಸಾಕಾಗಿತ್ತು. ಹೊಸ ಕೋಣೆ ನನ್ನ ಕಣ್ಣ ಮುಂದೆ ಬಂತು, ಬಿಸಿನೀರು, ಗೋಡೆಯ ಹಿಡಿಕೆ. ಒಂದು ಜಾಹಾವನ್ನು ಬರಿಗೈಯಲ್ಲಿ ಕಳಿಸಿದ ಮನೆಯೆಂದು ಊರು ನಮ್ಮನ್ನು ಎಷ್ಟು ಕಾಲ ಆಡಿಕೊಳ್ಳುತ್ತದೆಂಬುದೂ ಬಂತು. ಮಿತ್ರಿ ನನ್ನನ್ನು ನೋಡುತ್ತಿರಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

“ಇಲ್ಲ ಅಂದ,” ಎಂದೆ. “ತಿರುಗಾನೂ ಇಲ್ಲ, ಮುರುಗಾನೂ ಇಲ್ಲ. ಇವನ ತಪ್ಪುಗಳೆಲ್ಲ ನನಗೆ ಬಾಯಿಪಾಠ ಆಗ್ಹೋಗಿವೆ, ಇದು ಅದರಲ್ಲಿ ಇಲ್ಲ.”

“ಯಾಕಂತೆ? ಕೇಳು, ಯಾಕಂತೆ ಕೇಳು ಮತ್ತೆ!” ಎಂದ ಫರಜ್.

“ನಂಗೊತ್ತಿಲ್ಲ. ಅವನಿಗೆ ಗೊತ್ತು, ಅಷ್ಟೇ.”

“ಅಫೀಫಾ, ಆ ಅಂಗಳದಲ್ಲಿ ಬಿದ್ದು ಸಾಯ್ತೀಯ ನೀನು!”

“ಸಾಯ್ತೀನಿ ಬಿಡು. ಮನೆ ಅವನ್ದು.”

ಬಾಗಿಲಲ್ಲಿ ತಮಾಮ್ “ಅಯ್ಯೋ ನನ್ನ ಹಳದಿ ಪರದೆ!” ಎಂದದ್ದು ಎಲ್ಲರಿಗೂ ಕೇಳಿಸಿತು. ಆದರೂ ಅವಳೇ ಒಳಗೆ ಬಂದು ಮಿತ್ರಿಯ ಜಾರಿದ ರುಮಾಲನ್ನು ಸರಿಮಾಡಿ, ಅವನ ಪಕ್ಕದಲ್ಲಿ ನಿಂತಳು.

ಶೇಖ್ ದಾಹಿರ್ ಎದ್ದರು. ಬಂದು ಮಿತ್ರಿಯ ಎಡಗೈಯನ್ನು ಹಿಡಿದುಕೊಂಡರು. “ಕೇಳಿದ್ವಿ. ಕೊಟ್ರೆ ಕೊಟ್ಟ ಅಂತಿದ್ವಿ. ಕೊಡ್ಲಿಲ್ಲ. ಮನೆ ಸುಖವಾಗಿರ್ಲಿ,” ಎಂದರು. ಕುಡಿಯದ ಬಟ್ಟಲುಗಳನ್ನು ಸಾಲಾಗಿ ಬಿಟ್ಟು ಹಿರಿಯರು ಹೊರಟರು. ಮಿತ್ರಿ ಅವರ ಬೆನ್ನಿಗೆ “ಹೌದು ಹೌದು” ಎಂದ, ಹಳೆಯ ಮರ್ಯಾದೆಯಿಂದ.

ಇತಾಫ್ ಹಿಂದುಳಿದಳು. ಅಚ್ಚು ಇದೆ, ಫೋಟೋಗಳಿವೆ. ಕಲ್ಲು ಮಾಡನ್ನು ಹೊತ್ತಿದೆ, ಯಜಮಾನ ಒಪ್ಪಿಲ್ಲ ಎಂದು ಬರೆದು ಕಳಿಸುತ್ತಾಳಂತೆ. ನಿರ್ದೇಶಕರು ಏನು ಮಾಡುತ್ತಾರೋ ಅವಳಿಗೂ ತಿಳಿಯದು. “ಆದೇಶ ಬಂದ್ರೆ ತರೋಳು ನಾನಲ್ಲ ಮಿಸ್. ಬೇರೆ ಯಾರನ್ನಾದ್ರೂ ಹುಡುಕ್ಕೋಬೇಕು ಅವ್ರು.” ಎರಡೂವರೆ ತಿಂಗಳ ಕೆಲಸ ಅವಳದು. ಬೂಟಿನ ದಾರ ಕಟ್ಟಿ ಮುಗಿದ ಮೇಲೂ ಬಾಗಿಯೇ ಇದ್ದಳು. ನಾನು ಅವಳ ಬೆನ್ನು ಸವರಿದೆ.

ಸಂಜೆ ಮಿತ್ರಿಯನ್ನು ಅಂಗಳ ದಾಟಿಸಿದೆವು, ಒಂದು ಭುಜಕ್ಕೆ ತಮಾಮ್, ಇನ್ನೊಂದು ಭುಜಕ್ಕೆ ನಾನು. ದಾರಿಯುದ್ದಕ್ಕೂ ಅವಳು ನಮ್ಮಿಬ್ಬರನ್ನೂ ಬೈದಳು. ಸುಸ್ತಾಗಿದೆ.

ಆದರೆ ಫರಜ್ ಆಗಲೇ ಅಂಗಡಿಕಟ್ಟೆಯಲ್ಲಿ ಕುಳಿತು, ಮಿತ್ರಿ ಮಾತನಾಡಲೇ ಇಲ್ಲ, ತಂಗಿಯೇ ಎಲ್ಲ ಆಡಿದಳು ಎಂದು ಹೇಳುತ್ತಿದ್ದಾನಂತೆ. ಆದ್ದರಿಂದ ಇಂದು ಆ ಕೋಣೆಯಲ್ಲಿದ್ದು ತಮ್ಮ ಕಿವಿಯಿಂದ ಕೇಳಿದವರ ಹೆಸರುಗಳನ್ನು ಕುಳಿತ ಕ್ರಮದಲ್ಲಿ ಬರೆದಿಡುತ್ತೇನೆ. ಬಾಗಿಲಿನ ಬಲಕ್ಕೆ ಶೇಖ್ ದಾಹಿರ್. ಅವರ ಪಕ್ಕ ಅವರ ತಮ್ಮ ಮಿತ್ಅಬ್. ಪುರಸಭೆಯ ಅಧ್ಯಕ್ಷ ನವ್ವಾಫ್. ಅಬೂನಾ ಇಫ್ತೀಮ್. ಗಿರಣಿಯ ಯಜಮಾನ ಸಾಲಿಬಾ. ಕಿಟಕಿಯ ಕೆಳಗೆ ಇಲಾಖೆಯ ಇತಾಫ್. ಕಾಫಿಯ ಪಾತ್ರೆಯ ಬಳಿ ದೊಡ್ಡಪ್ಪನ ಮಗ ಫರಜ್, ಅವನೂ ಕೇಳಿದ. ಬಾಗಿಲಲ್ಲಿ ತಮಾಮ್. ತಲೆಕಡೆ ನಾನು, ಅಫೀಫಾ. ಹಾಸಿಗೆಯ ಮೇಲೆ ಮನೆಯ ಯಜಮಾನ, ಮಿತ್ರಿ.